ವಿಲಿಯಂ ಲ್ಯಾಂಬ್ಟನ್

ವಿಲಿಯಂ ಲ್ಯಾಂಬ್ಟನ್ (ಸುಮಾರು 1753 – ಜನವರಿ 1823) ಬ್ರಿಟಿಷ್ ಸೇನಾಧಿಕಾರಿ, ಭೂಮಾಪಕ ಹಾಗೂ ಭಾರತದ ಮಹಾ ತ್ರಿಕೋನಮಿತಿಯ ಮೋಜಣಿಯ ಸ್ಥಾಪಕರು. ದಕ್ಷಿಣ ಭಾರತದಲ್ಲಿ 13ನೆಯ ಉತ್ತರ ಅಕ್ಷಾಂಶ ವೃತ್ತದ ಆಸುಪಾಸಿನಲ್ಲಿ ಮದ್ರಾಸಿನಿಂದ ಬೆಂಗಳೂರಿನ ಮೂಲಕ ಮಂಗಳೂರಿನವರೆಗೆ ಕರಾವಳಿಯಿಂದ ಕರಾವಳಿಗೆ ನಿಖರವಾದ ಅಳತೆಯನ್ನು ನಡೆಸಿದವರಲ್ಲಿ ಇವರೇ ಮೊದಲಿಗರು. ಈ ಅಳತೆಯಿಂದಾಗಿ ಪರ್ಯಾಯ ದ್ವೀಪದ ಅಗಲವು ಅಂದಿನ ನಕ್ಷೆಗಳು ತೋರಿಸುತ್ತಿದ್ದುದಕ್ಕಿಂತ ಸುಮಾರು 40 ಮೈಲಿಗಳಷ್ಟು ಕಡಿಮೆಯೆಂಬುದು ತಿಳಿದುಬಂದಿತು. ಬಳಿಕ ಕನ್ಯಾಕುಮಾರಿಯಿಂದ ಉತ್ತರಕ್ಕೆ ಇವರು ಆರಂಭಿಸಿದ ಮಧ್ಯಾಹ್ನ ರೇಖೆಯ ಅಳತೆಯನ್ನು ಜಾರ್ಜ್ ಎವರೆಸ್ಟ್ ಹಿಮಾಲಯದ ತಪ್ಪಲಿನವರೆಗೆ ಮುಂದುವರಿಸಿದರು. ಎವರೆಸ್ಟ್ ಅವರ ಹೆಸರು ಜಗತ್ತಿನ ಅತ್ಯುನ್ನತ ಶಿಖರದ ಮೇಲೆ ಉಳಿದಿದೆ. ಕಾರ್ಯವನ್ನು ಆರಂಭಿಸಿದ ಲ್ಯಾಂಬ್ಟನ್ನರ ಹೆಸರು ಸಾಮಾನ್ಯ ಓದುಗರಿಗೆ ಹೆಚ್ಚು ಪರಿಚಿತವಾಗಿಲ್ಲ. ಇವರ ಕಾರ್ಯದ ಮೊದಲ ಆಧಾರರೇಖೆಯನ್ನು ಅಳೆದದ್ದು ಕರ್ನಾಟಕದ ನೆಲದಲ್ಲಿ.

ಆರಂಭಿಕ ಜೀವನ

ಲ್ಯಾಂಬ್ಟನ್ ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರ್ ಪ್ರಾಂತ್ಯದಲ್ಲಿ, ನಾರ್ತ್‌ಆಲರ್ಟನ್ ಪಟ್ಟಣದ ಸಮೀಪದ ಸಾಮಾನ್ಯ ಕುಟುಂಬವೊಂದರಲ್ಲಿ ಜನಿಸಿದರು. ಗಣಿತದಲ್ಲಿ ತೋರಿದ ಪ್ರತಿಭೆಯಿಂದಾಗಿ ಇವರಿಗೆ ಉತ್ತಮ ಶಾಲಾ ಶಿಕ್ಷಣ ದೊರೆಯಿತು. 1781ರಲ್ಲಿ ಸೇನೆಯ ಕೆಳದರ್ಜೆಯ ಅಧಿಕಾರಿಯಾಗಿ ಸೇರಿ, ಮುಂದೆ 33ನೆಯ ಪದಾತಿ ದಳಕ್ಕೆ ಬಂದರು. ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದಲ್ಲಿ ಆ ಖಂಡಕ್ಕೆ ತೆರಳಿದ ಇವರು, ಯುದ್ಧಾನಂತರ ಇಂದಿನ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ ಸುಮಾರು ಹದಿಮೂರು ವರ್ಷ ನೆಲೆಸಿದರು. ಅಲ್ಲಿ ಗಡಿ ಹಾಗೂ ಜಮೀನುಗಳ ಅಳತೆಯ ಕೆಲಸ ಮಾಡುತ್ತ, ಸೈನಿಕರ ವಸತಿಯ ಮೇಲ್ವಿಚಾರಣೆಯನ್ನೂ ನೋಡಿಕೊಳ್ಳುತ್ತಿದ್ದರು. ಬಿಡುವಿನ ವೇಳೆಯನ್ನೆಲ್ಲ ಗಣಿತ ಮತ್ತು ಖಗೋಳಶಾಸ್ತ್ರಗಳ ಸ್ವಾಧ್ಯಾಯಕ್ಕೆ ಮೀಸಲಿಟ್ಟರು. ಸೂರ್ಯಗ್ರಹಣವೊಂದನ್ನು ತಕ್ಕ ರಕ್ಷಣೆಯಿಲ್ಲದೆ ವೀಕ್ಷಿಸಿದ್ದರಿಂದ ಇವರ ಒಂದು ಕಣ್ಣಿನ ದೃಷ್ಟಿ ಕುಂದಿತು. ಮುಂದೆ ದುರ್ಬೀನಿನ ಮೂಲಕ ದಕ್ಷಿಣ ಭಾರತವನ್ನು ಅಳೆದದ್ದು ಉಳಿದ ಇನ್ನೊಂದು ಕಣ್ಣಿನಿಂದ.

ಭಾರತಕ್ಕೆ ಆಗಮನ ಮತ್ತು ಮೈಸೂರು ಯುದ್ಧ

33ನೆಯ ದಳವನ್ನು ಭಾರತಕ್ಕೆ ಕಳುಹಿಸಿದಾಗ ಲ್ಯಾಂಬ್ಟನ್ ಅದನ್ನು ಕಲ್ಕತ್ತೆಯಲ್ಲಿ ಕೂಡಿಕೊಂಡರು. ದಳದ ನಾಯಕರು ಆರ್ಥರ್ ವೆಲ್ಲೆಸ್ಲಿ. ಮುಂದೆ ವೆಲ್ಲಿಂಗ್‌ಟನ್ನಿನ ಡ್ಯೂಕ್ ಎಂದು ಪ್ರಸಿದ್ಧರಾದವರು. 1799ರ ನಾಲ್ಕನೆಯ ಮೈಸೂರು ಯುದ್ಧದಲ್ಲಿ ಲ್ಯಾಂಬ್ಟನ್ ಜನರಲ್ ಬೇರ್ಡ್ ಅವರ ಅಧೀನದಲ್ಲಿ ಕಾರ್ಯ ನಿರ್ವಹಿಸಿದರು. ಶ್ರೀರಂಗಪಟ್ಟಣದ ಮುತ್ತಿಗೆಯ ಸಮಯದಲ್ಲಿ ಒಂದು ರಾತ್ರಿ ಬೇರ್ಡ್ ಅವರ ತುಕಡಿಯು ದಾರಿ ತಪ್ಪಿ, ತಮ್ಮ ಪಾಳೆಯವಿದ್ದ ದಕ್ಷಿಣದ ಕಡೆಗೆ ಹೋಗುವ ಬದಲು ಉತ್ತರದಲ್ಲಿದ್ದ ಟಿಪ್ಪುವಿನ ಸೈನ್ಯದತ್ತ ಸಾಗುತ್ತಿತ್ತು. ಇದನ್ನು ಲ್ಯಾಂಬ್ಟನ್ ಆಕಾಶದ ನಕ್ಷತ್ರಗಳ ಸ್ಥಾನದಿಂದ ಗುರುತಿಸಿ ಎಚ್ಚರಿಸಿದರು. ಮೊದಲು ನಂಬದಿದ್ದ ಸೇನಾನಿಯು ದಿಕ್ಸೂಚಿಯನ್ನು ತರಿಸಿ ನೋಡಿದಾಗ ಅವರ ಮಾತು ಸರಿಯೆಂದು ಖಚಿತವಾಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನಗೊಂಡ ನಂತರ ಮೈಸೂರು ಸೀಮೆಯ ನಕ್ಷೆ ತಯಾರಿಸುವ ಅಗತ್ಯ ಕಂಪನಿ ಸರ್ಕಾರಕ್ಕೆ ಉಂಟಾಯಿತು. ಗೆದ್ದ ಪ್ರದೇಶದ ಕಂದಾಯ, ದಾರಿಗಳು, ಕೋಟೆಗಳು ಇವೆಲ್ಲವನ್ನು ತಿಳಿಯುವುದು ಅದರ ಉದ್ದೇಶವಾಗಿತ್ತು. ಸ್ಥಳ ವಿವರಗಳ ಮೋಜಣಿಯನ್ನು ಕಾಲಿನ್ ಮೆಕೆಂಜಿ ಅವರಿಗೂ, ಕೃಷಿ ಮತ್ತು ಜನಜೀವನದ ವರದಿಯನ್ನು ಫ್ರಾನ್ಸಿಸ್ ಬುಕಾನನ್ ಅವರಿಗೂ ವಹಿಸಲಾಯಿತು. ಲ್ಯಾಂಬ್ಟನ್ನರು ಇವೆರಡಕ್ಕಿಂತ ಭಿನ್ನವಾದ ಯೋಜನೆಯನ್ನು ಮುಂದಿಟ್ಟರು. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ತ್ರಿಕೋನಗಳ ಜಾಲವನ್ನು ಹೆಣೆದು, ಉಳಿದೆಲ್ಲ ನಕ್ಷೆಗಳಿಗೂ ಭದ್ರವಾದ ಚೌಕಟ್ಟನ್ನು ಒದಗಿಸುವುದು, ಅದರೊಂದಿಗೆ ಭೂಮಿಯ ನಿಜವಾದ ಆಕಾರವನ್ನು ಕಂಡುಹಿಡಿಯುವುದು ಈ ಯೋಜನೆಯ ಗುರಿ. ವೆಲ್ಲೆಸ್ಲಿಯವರ ಬೆಂಬಲದಿಂದ 1800ರಲ್ಲಿ ಮದ್ರಾಸ್ ಸರ್ಕಾರದ ಅನುಮತಿ ದೊರೆಯಿತು.

ಅದೇ ವರ್ಷ ಉತ್ತರ ಕರ್ನಾಟಕದಲ್ಲಿ ಯುದ್ಧ ಇನ್ನೂ ಮುಗಿದಿರಲಿಲ್ಲ. ಧೋಂಡಿಯಾ ವಾಘನನ್ನು ಬೆನ್ನಟ್ಟಿದ ವೆಲ್ಲೆಸ್ಲಿಯವರ ಸೈನ್ಯ ಕಿತ್ತೂರು ಹಾಗೂ ಸವದತ್ತಿಯ ಸೀಮೆಯಲ್ಲಿ ಸಂಚರಿಸಿ, ಜುಲೈ ಕೊನೆಯಲ್ಲಿ ಮಲಪ್ರಭಾ ದಂಡೆಯ ಮುನವಳ್ಳಿಯ ಬಳಿ ಅವನ ಪಾಳೆಯದ ಮೇಲೆ ದಾಳಿ ಮಾಡಿತು. ಸೆಪ್ಟೆಂಬರ್ 10ರಂದು ಧೋಂಡಿಯಾ ಹತನಾದನು. ಅದರ ಮುಂದಿನ ತಿಂಗಳಲ್ಲಿ ಲ್ಯಾಂಬ್ಟನ್ನರು ಬೆಂಗಳೂರಿನ ಬಯಲಿನಲ್ಲಿ ಸರಪಳಿಯನ್ನು ಹಾಸಿದರು.

ಅಕ್ಷಾಂಶ ವೃತ್ತ ಮತ್ತು ಡಿಗ್ರಿಯ ಉದ್ದ

ಲ್ಯಾಂಬ್ಟನ್ನರ ಕಾರ್ಯದ ಮಹತ್ವವನ್ನು ತಿಳಿಯಲು ಅಕ್ಷಾಂಶದ ಪರಿಕಲ್ಪನೆ ಅಗತ್ಯ. ಒಂದು ಸ್ಥಳದ ಅಕ್ಷಾಂಶವನ್ನು ಸೂರ್ಯ ಅಥವಾ ನಕ್ಷತ್ರಗಳ ಎತ್ತರದಿಂದ ಕಂಡುಕೊಳ್ಳಬಹುದು. ಹಡಗಿನ ಮೇಲೆ ನಿಂತೂ ಇದು ಸಾಧ್ಯ. 1773ರ ಜನವರಿ 17ರಂದು ಜೇಮ್ಸ್ ಕುಕ್ ದಕ್ಷಿಣ ಧ್ರುವ ವೃತ್ತವನ್ನು ದಾಟಿದ್ದನ್ನು ಗುರುತಿಸಿದ್ದು ಹೀಗೆಯೇ. ಸುಮಾರು 66½ ಡಿಗ್ರಿ ದಕ್ಷಿಣದಲ್ಲಿರುವ ಆ ವೃತ್ತದ ಬಹುಭಾಗ ಸಾಗರದ ಮೇಲೆ ಹಾಯುತ್ತದೆ. ಅಂಟಾರ್ಕ್ಟಿಕದ ಅಂಚನ್ನು ಮಾತ್ರ ಅಲ್ಲಲ್ಲಿ ಮುಟ್ಟುತ್ತದೆ. ಆದರೆ ಒಂದು ಡಿಗ್ರಿ ಎಂದರೆ ಎಷ್ಟು ಮೈಲಿ ಎಂಬುದನ್ನು ಆಕಾಶ ಹೇಳುವುದಿಲ್ಲ. ಅದನ್ನು ನೆಲದ ಮೇಲೆಯೇ ಅಳೆಯಬೇಕು.

ಈ ಉದ್ದ ಎಲ್ಲೆಡೆ ಒಂದೇ ಆಗಿರುವುದಿಲ್ಲ. ಪೂರ್ವ-ಪಶ್ಚಿಮವಾಗಿ ಒಂದು ಡಿಗ್ರಿ ರೇಖಾಂಶದ ಅಂತರವು ಸಮಭಾಜಕ ವೃತ್ತದಲ್ಲಿ ಸುಮಾರು 111 ಕಿ.ಮೀ., 13ನೆಯ ಅಕ್ಷಾಂಶದಲ್ಲಿ ಸುಮಾರು 108.5 ಕಿ.ಮೀ., ದಕ್ಷಿಣ ಧ್ರುವ ವೃತ್ತದಲ್ಲಿ ಕೇವಲ 44 ಕಿ.ಮೀ. ಇದೆ. ಧ್ರುವದ ಕಡೆಗೆ ಹೋದಂತೆ ಅಕ್ಷಾಂಶ ವೃತ್ತಗಳು ಚಿಕ್ಕವಾಗುವುದೇ ಇದಕ್ಕೆ ಕಾರಣ. ಉತ್ತರ-ದಕ್ಷಿಣವಾಗಿ ಒಂದು ಡಿಗ್ರಿ ಅಕ್ಷಾಂಶದ ಅಂತರ ಮಾತ್ರ ಸಮಭಾಜಕದ ಬಳಿ 110.6 ಕಿ.ಮೀ. ಇದ್ದು, ಧ್ರುವಗಳ ಬಳಿ 111.7 ಕಿ.ಮೀ.ಗೆ ಏರುತ್ತದೆ. ಭೂಮಿಯು ಧ್ರುವಗಳಲ್ಲಿ ತುಸು ಚಪ್ಪಟೆಯಾಗಿರುವುದರಿಂದ ಈ ವ್ಯತ್ಯಾಸ ಉಂಟಾಗುತ್ತದೆ. 18ನೆಯ ಶತಮಾನದಲ್ಲಿ ಫ್ರೆಂಚ್ ವಿದ್ವಾಂಸರು ಲ್ಯಾಪ್‌ಲ್ಯಾಂಡಿನಲ್ಲಿಯೂ ದಕ್ಷಿಣ ಅಮೆರಿಕದ ಕಿಟೊ ಪ್ರದೇಶದಲ್ಲಿಯೂ ಅಳತೆ ಮಾಡಿ ಇದನ್ನು ದೃಢಪಡಿಸಿದ್ದರು. ಈ ಚಪ್ಪಟೆತನ ಎಷ್ಟೆಂಬುದನ್ನು ನಿರ್ಧರಿಸಲು ಸಮಭಾಜಕಕ್ಕೆ ಹತ್ತಿರದ ಪ್ರದೇಶಗಳಲ್ಲಿ ಇನ್ನಷ್ಟು ಅಳತೆಗಳು ಬೇಕಾಗಿದ್ದವು. ದಕ್ಷಿಣ ಭಾರತ ಅದಕ್ಕೆ ತಕ್ಕ ಪ್ರದೇಶವೆಂಬುದನ್ನು ಲ್ಯಾಂಬ್ಟನ್ನರು ಮನಗಂಡರು.

ಬೆಂಗಳೂರು ಆಧಾರರೇಖೆ

ತ್ರಿಕೋನದ ಒಂದು ಬಾಹುವಿನ ಉದ್ದ ಮತ್ತು ಅದರ ಎರಡು ತುದಿಗಳ ಕೋನಗಳು ಗೊತ್ತಾದರೆ ಉಳಿದ ಎರಡು ಬಾಹುಗಳನ್ನು ಲೆಕ್ಕದಿಂದ ಪಡೆಯಬಹುದು. ಹಾಗೆ ಪಡೆದ ಬಾಹುವೇ ಮುಂದಿನ ತ್ರಿಕೋನಕ್ಕೆ ಆಧಾರವಾಗುತ್ತದೆ. ಆದ್ದರಿಂದ ನೆಲದ ಮೇಲೆ ನೇರವಾಗಿ ಅಳೆಯಬೇಕಾದ ಮೊದಲ ಬಾಹು, ಎಂದರೆ ಆಧಾರರೇಖೆ, ಅತ್ಯಂತ ನಿಖರವಾಗಿರಬೇಕು. ಅಲ್ಲಿ ಆದ ತಪ್ಪು ಜಾಲದ ಉದ್ದಕ್ಕೂ ಬೆಳೆಯುತ್ತ ಹೋಗುತ್ತದೆ.

1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಲ್ಯಾಂಬ್ಟನ್ನರು ಬೆಂಗಳೂರಿನ ಹತ್ತಿರ ಸುಮಾರು 7.4 ಮೈಲಿ (12 ಕಿ.ಮೀ.) ಉದ್ದದ ಆಧಾರರೇಖೆಯನ್ನು ಅಳೆದರು. ಇದಕ್ಕೆ ಬಳಸಿದ 100 ಅಡಿಯ ಉಕ್ಕಿನ ಸರಪಳಿಯೂ, ನಕ್ಷತ್ರಗಳ ವೀಕ್ಷಣೆಯ ಉಪಕರಣವೂ ಮೂಲತಃ ಮೆಕಾರ್ಟ್ನಿಯ ರಾಯಭಾರ ತಂಡದೊಂದಿಗೆ ಚೀನಾಕ್ಕೆ ಹೋಗಿ, ಅಲ್ಲಿ ಸ್ವೀಕೃತವಾಗದೆ ಭಾರತವನ್ನು ಸೇರಿದ್ದವು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಸರಪಳಿಯನ್ನು ಮರದ ತೊಟ್ಟಿಗಳಲ್ಲಿ ಇರಿಸಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು, ಪ್ರತಿ ಸಲವೂ ತಾಪಮಾನವನ್ನು ಬರೆದುಕೊಂಡು ಲೆಕ್ಕ ಸರಿಪಡಿಸಲಾಗುತ್ತಿತ್ತು.

ಇಂಗ್ಲೆಂಡಿನಿಂದ ತರಿಸಿದ ದೊಡ್ಡ ಥಿಯೋಡೊಲೈಟ್ 1802ರಲ್ಲಿ ಬಂದು ತಲುಪಿತು. ಲಂಡನ್ನಿನ ಕೇರಿ ಎಂಬ ಉಪಕರಣ ತಯಾರಕರು ನಿರ್ಮಿಸಿದ ಈ ಕೋನಮಾಪಕದ ವೃತ್ತದ ವ್ಯಾಸ 36 ಅಂಗುಲ, ತೂಕ ಸುಮಾರು ಅರ್ಧ ಟನ್. ಅದನ್ನು ತರುತ್ತಿದ್ದ ಹಡಗನ್ನು ಮಾರ್ಗಮಧ್ಯದಲ್ಲಿ ಫ್ರೆಂಚರು ವಶಪಡಿಸಿಕೊಂಡು ಮಾರಿಷಸ್‌ಗೆ ಒಯ್ದಿದ್ದರು. ಅದೊಂದು ವೈಜ್ಞಾನಿಕ ಉಪಕರಣವೆಂದು ತಿಳಿದ ಬಳಿಕ ಅಲ್ಲಿನ ಫ್ರೆಂಚ್ ಗವರ್ನರ್ ಅದನ್ನು ಗೌರವಪೂರ್ವಕವಾಗಿ ಮದ್ರಾಸಿಗೆ ಕಳುಹಿಸಿಕೊಟ್ಟರು.

ಕರಾವಳಿಯಿಂದ ಕರಾವಳಿಗೆ

1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಹೊಸ ಆಧಾರರೇಖೆಯ ಅಳತೆ ಆರಂಭವಾಯಿತು. ಏಳೂವರೆ ಮೈಲಿಯ ಈ ರೇಖೆಯನ್ನು ಸರಪಳಿಯನ್ನು ನಾಲ್ಕು ನೂರು ಸಲ ಹಾಸಿ ಅಳೆಯಲು 57 ದಿನಗಳು ಬೇಕಾದವು. ಭಾರತದ ಮಹಾ ಮೋಜಣಿಯ ಆರಂಭವನ್ನು ಸಾಮಾನ್ಯವಾಗಿ ಈ ದಿನದಿಂದ ಎಣಿಸಲಾಗುತ್ತದೆ. ಏಪ್ರಿಲ್ 10ನ್ನು ಭಾರತದಲ್ಲಿ ರಾಷ್ಟ್ರೀಯ ಸರ್ವೆ ದಿನವಾಗಿ ಆಚರಿಸುವುದೂ ಇದೇ ಕಾರಣಕ್ಕೆ.

ಅಲ್ಲಿಂದ ದಕ್ಷಿಣಕ್ಕೆ ಕಡಲೂರಿನ ಕಡೆಗೆ ಸಣ್ಣದೊಂದು ತ್ರಿಕೋನಗಳ ಸರಣಿಯನ್ನು ನಡೆಸಿ, ಆ ಭಾಗದಲ್ಲಿ ಒಂದು ಡಿಗ್ರಿ ಅಕ್ಷಾಂಶದ ಉದ್ದ ಸುಮಾರು 68.7 ಮೈಲಿ (110.6 ಕಿ.ಮೀ.) ಎಂದು ಲ್ಯಾಂಬ್ಟನ್ನರು ಕಂಡುಕೊಂಡರು. ಇಂದಿನ ಅಳತೆಯೂ ಇದಕ್ಕೆ ಅತಿ ಸಮೀಪವಾಗಿದೆ. ಬಳಿಕ ತ್ರಿಕೋನಗಳು ಪಶ್ಚಿಮಕ್ಕೆ ತಿರುಗಿದವು. ಚೆನ್ನೈ, ಬೆಂಗಳೂರು, ಮಂಗಳೂರು ಈ ಮೂರೂ ನಗರಗಳು 13ನೆಯ ಅಕ್ಷಾಂಶ ವೃತ್ತದ ಅತಿ ಸಮೀಪದಲ್ಲಿವೆ ಎಂಬುದನ್ನು ಶಾಲೆಯ ಭೂಪಟದಲ್ಲಿಯೂ ಕಾಣಬಹುದು. ಈ ಸಾಲಿನಲ್ಲಿ ಪೂರ್ವ ಕರಾವಳಿಯ ಬಯಲು, ಘಟ್ಟದ ಮೆಟ್ಟಿಲು, ಮೈಸೂರಿನ ಪ್ರಸ್ಥಭೂಮಿ, ಮಲೆನಾಡಿನ ದಟ್ಟ ಕಾಡು, ಕೊನೆಗೆ ಕಡಿದಾಗಿ ಇಳಿಯುವ ಪಶ್ಚಿಮ ಘಟ್ಟ ಮತ್ತು ಕರಾವಳಿ ಒಂದರ ನಂತರ ಒಂದು ಬರುತ್ತವೆ. ಬಯಲಿನಲ್ಲಿ ದೂರದೃಷ್ಟಿಗೆ ಗೋಪುರಗಳು ಬೇಕಾದರೆ, ಪ್ರಸ್ಥಭೂಮಿಯ ಬಂಡೆಗುಡ್ಡಗಳೂ ದುರ್ಗಗಳೂ ತಾವೇ ವೀಕ್ಷಣಾ ಕೇಂದ್ರಗಳಾಗಿ ಒದಗಿಬಂದವು. ಪಶ್ಚಿಮದಲ್ಲಿ ಬಲ್ಲಾಳರಾಯನ ದುರ್ಗ, ಕೊಡಗಿನ ತಡಿಯಂಡಮೋಳ್ ಮುಂತಾದ ಶಿಖರಗಳಿಂದ ಕರಾವಳಿಯ ಗುರುತುಗಳನ್ನು ನೋಡಲಾಯಿತು.

ಲೆಕ್ಕವನ್ನು ಪರೀಕ್ಷಿಸಲು 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ಲ್ಯಾಂಬ್ಟನ್ನರ ಸಹಾಯಕ ಜಾನ್ ವಾರನ್ ಅಳೆದರು. ಮದ್ರಾಸಿನಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿ ಪಡೆದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಗಳಿಗಿಂತ ಕಡಿಮೆ. ಕೋಲಾರ ಸೀಮೆಯಲ್ಲಿ ಚಿನ್ನ ದೊರೆಯುವ ಬಗ್ಗೆ 1802ರಲ್ಲಿ ವಿಚಾರಿಸಿ ವರದಿ ಮಾಡಿದವರೂ ಇದೇ ವಾರನ್.

ತ್ರಿಕೋನಗಳು ಅರಬ್ಬೀ ಸಮುದ್ರವನ್ನು ಮುಟ್ಟಿದಾಗ ಪರ್ಯಾಯ ದ್ವೀಪದ ಅಗಲ ಈ ಅಕ್ಷಾಂಶದಲ್ಲಿ ಸುಮಾರು 400 ಮೈಲಿಯಲ್ಲ, ಸುಮಾರು 360 ಮೈಲಿ (580 ಕಿ.ಮೀ.) ಎಂದು ಸಿದ್ಧವಾಯಿತು. ಅರ್ಕಾಟಿನಂಥ ಪ್ರಮುಖ ಪಟ್ಟಣವೂ ನಕ್ಷೆಯಲ್ಲಿ ಹತ್ತು ಮೈಲಿ ಆಚೀಚೆಯಾಗಿತ್ತು. ಅದುವರೆಗಿನ ನಕ್ಷೆಗಳು ಪ್ರಯಾಣದ ಅಂದಾಜು ಮತ್ತು ಖಗೋಳ ವೀಕ್ಷಣೆಗಳನ್ನು ಅವಲಂಬಿಸಿದ್ದವು. ಅಕ್ಷಾಂಶವನ್ನು ನಕ್ಷತ್ರಗಳಿಂದ ಪಡೆಯುವುದು ಸುಲಭವಾದರೂ ರೇಖಾಂಶವನ್ನು ನಿರ್ಣಯಿಸುವುದು ಆ ಕಾಲದಲ್ಲಿ ಕಷ್ಟವಾಗಿತ್ತು. ಹಾಗಾಗಿ ತಪ್ಪುಗಳೆಲ್ಲ ಹೆಚ್ಚಾಗಿ ಪೂರ್ವ-ಪಶ್ಚಿಮ ದಿಕ್ಕಿನಲ್ಲಿಯೇ ಸೇರಿಕೊಂಡಿದ್ದವು. ಹಳೆಯ ನಕ್ಷೆಗಳ ಕರ್ತೃವಾಗಿ ಹೆಸರಾಗಿದ್ದ ಜೇಮ್ಸ್ ರೆನೆಲ್ ಈ ದುಬಾರಿ ಮೋಜಣಿಯ ಅಗತ್ಯವನ್ನೇ ಪ್ರಶ್ನಿಸಿದರು. ರಾಜ ಖಗೋಳಜ್ಞ ನೆವಿಲ್ ಮ್ಯಾಸ್ಕೆಲಿನ್ ಲ್ಯಾಂಬ್ಟನ್ನರ ಪರವಾಗಿ ನಿಂತದ್ದರಿಂದ ಕೆಲಸ ಮುಂದುವರಿಯಿತು.

ಮಧ್ಯಾಹ್ನ ರೇಖೆಯ ಮಹಾಕಂಸ

ಬೆಂಗಳೂರಿನ ಮಾರ್ಗವಾಗಿ, 78ನೆಯ ಪೂರ್ವ ರೇಖಾಂಶದ ಸಮೀಪದಲ್ಲಿ, ದಕ್ಷಿಣೋತ್ತರವಾದ ಇನ್ನೊಂದು ಸರಣಿಯನ್ನು ಲ್ಯಾಂಬ್ಟನ್ನರು ಆರಂಭಿಸಿದರು. ಇದೇ ಮುಂದೆ ಮಹಾಕಂಸವೆಂದು ಹೆಸರಾಯಿತು. 1806ರಲ್ಲಿ ಕೊಯಮತ್ತೂರಿನ ಬಳಿ, 1809ರಲ್ಲಿ ಪಾಳಯಂಕೋಟೆಯ ಬಳಿ, 1811ರಲ್ಲಿ ಗುತ್ತಿಯ ಬಳಿ, 1815ರಲ್ಲಿ ಬೀದರ ಸಮೀಪದಲ್ಲಿ ಪರೀಕ್ಷಾ ಆಧಾರರೇಖೆಗಳನ್ನು ಅಳೆಯಲಾಯಿತು. ಕನ್ಯಾಕುಮಾರಿಯ 8 ಡಿಗ್ರಿಯಿಂದ ಬೀದರದ 18 ಡಿಗ್ರಿಯವರೆಗೆ ಸುಮಾರು ಹತ್ತು ಡಿಗ್ರಿಗಳ ಈ ಕಂಸವು ಸಮಭಾಜಕಕ್ಕೆ ಇಷ್ಟು ಹತ್ತಿರದಲ್ಲಿ ಅಲ್ಲಿಯವರೆಗೆ ಅಳೆಯಲಾದ ಕಂಸಗಳಲ್ಲಿ ಅತಿ ಉದ್ದವಾದುದು. ಇದರ ಆಧಾರದಿಂದ ಭೂಮಿಯ ಚಪ್ಪಟೆತನ ಮುನ್ನೂರರಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿದೆ ಎಂದು ಲ್ಯಾಂಬ್ಟನ್ನರು ಲೆಕ್ಕ ಹಾಕಿದರು. ಇಂದು ಅಂಗೀಕೃತವಾದ ಮೌಲ್ಯ 298ರಲ್ಲಿ ಒಂದು ಪಾಲು.

ಬೆಳಗಾವಿ ಜಿಲ್ಲೆಯ ಓದುಗರಿಗೆ ಒಂದು ಉದಾಹರಣೆ ಸಹಾಯಕವಾದೀತು. ಕಿತ್ತೂರು, ಸವದತ್ತಿ, ಬೈಲಹೊಂಗಲ, ರಾಮದುರ್ಗ ಈ ನಾಲ್ಕೂ ಪಟ್ಟಣಗಳು 15½ ಮತ್ತು 16 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇವೆ. ಕಿತ್ತೂರು ಇವುಗಳಲ್ಲಿ ತೀರ ದಕ್ಷಿಣದ್ದು, ರಾಮದುರ್ಗ ತೀರ ಉತ್ತರದ್ದು. ಇವೆರಡರ ಅಕ್ಷಾಂಶಗಳ ಅಂತರ ಒಂದು ಡಿಗ್ರಿಯ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು; ಎಂದರೆ ರಾಮದುರ್ಗವು ಕಿತ್ತೂರಿಗಿಂತ ಸುಮಾರು 39 ಕಿ.ಮೀ. ಉತ್ತರಕ್ಕಿದೆ. ಡಿಗ್ರಿಯನ್ನು ಹೀಗೆ ಕಿಲೋಮೀಟರಿಗೆ ಬದಲಾಯಿಸಲು ಬೇಕಾದ ಸಂಖ್ಯೆಯನ್ನು ಇದೇ ಅಕ್ಷಾಂಶಗಳಲ್ಲಿ, ಇಲ್ಲಿಂದ ಸುಮಾರು 300 ಕಿ.ಮೀ. ಪೂರ್ವಕ್ಕೆ, ಗುತ್ತಿ ಮತ್ತು ಬೀದರಗಳ ನಡುವೆ ಲ್ಯಾಂಬ್ಟನ್ನರ ತಂಡ ನೆಲದ ಮೇಲೆ ಅಳೆದಿತ್ತು.

ತಂಜಾವೂರಿನ ಅವಘಡ

1808ರಲ್ಲಿ ಕಾವೇರಿಯ ಮುಖಜ ಭೂಮಿಯಲ್ಲಿ ಕೆಲಸ ಸಾಗಿದಾಗ ಬೆಟ್ಟಗಳಿಲ್ಲದ ಕಾರಣ ದೇವಾಲಯಗಳ ಗೋಪುರಗಳನ್ನೇ ವೀಕ್ಷಣಾ ಕೇಂದ್ರಗಳನ್ನಾಗಿ ಬಳಸಬೇಕಾಯಿತು. ತಂಜಾವೂರಿನ ಬೃಹದೀಶ್ವರ ದೇವಾಲಯದ ವಿಮಾನದ ಮೇಲಕ್ಕೆ ಥಿಯೋಡೊಲೈಟನ್ನು ಎಳೆಯುತ್ತಿದ್ದಾಗ ಹಗ್ಗ ಕಡಿದು, ಅದು ಗೋಡೆಗೆ ಬಡಿದು, ಅದರ ಮುಖ್ಯ ವೃತ್ತ ಬಾಗಿತು. ಅದೇ ಬಗೆಯ ಇನ್ನೊಂದು ಉಪಕರಣ ಇಂಗ್ಲೆಂಡಿನಿಂದ ಬರಲು ವರ್ಷಗಳೇ ಬೇಕಾಗುತ್ತಿದ್ದವು. ಲ್ಯಾಂಬ್ಟನ್ನರು ಡೇರೆಯೊಳಗೆ ಸೇರಿಕೊಂಡು, ವೃತ್ತವನ್ನು ಬಿಚ್ಚಿ, ಸಮತಟ್ಟಾದ ಹಲಗೆಯ ಮೇಲೆ ಅದರ ಮೂಲ ಆಕಾರವನ್ನು ಗೆರೆ ಎಳೆದು, ಬೆಣೆ, ತಿರುಪು ಮತ್ತು ಸಣ್ಣ ಮರದ ಸುತ್ತಿಗೆಗಳಿಂದ ಸುಮಾರು ಆರು ವಾರಗಳ ಕಾಲ ಅದನ್ನು ಹಿಂದಿನ ರೂಪಕ್ಕೆ ತಂದರು. ಆ ಉಪಕರಣ ಮುಂದೆ ಬಹುಕಾಲ ಬಳಕೆಯಲ್ಲಿತ್ತು.

ಸಹಾಯಕರು ಮತ್ತು ಶ್ರಮಿಕರು

ಈ ಮೋಜಣಿಯನ್ನು ಒಬ್ಬ ವ್ಯಕ್ತಿಯ ಸಾಧನೆಯೆಂದು ಮಾತ್ರ ಹೇಳಲಾಗದು. ಮದ್ರಾಸಿನ ಸರ್ವೆ ಶಾಲೆಯಲ್ಲಿ ತರಬೇತಿ ಪಡೆದ ಆಂಗ್ಲೋ-ಇಂಡಿಯನ್ ತರುಣರು ಲ್ಯಾಂಬ್ಟನ್ನರ ಬಲಗೈಯಾಗಿದ್ದರು. ಅವರಲ್ಲಿ ಜೋಶುವಾ ಡಿ ಪೆನ್ನಿಂಗ್ ಪ್ರಮುಖರು. ಲೋಲಕದ ಪ್ರಯೋಗಗಳಿಂದ ಮುಂದೆ ಪ್ರಸಿದ್ಧರಾದ ಹೆನ್ರಿ ಕೇಟರ್ ಕೂಡ ಕೆಲವು ಕಾಲ ಇವರ ಸಹಾಯಕರಾಗಿದ್ದರು. ಇವರಲ್ಲದೆ ಸರಪಳಿ ಹಿಡಿಯುವವರು, ಬಾವುಟ ಹಿಡಿದು ಬೆಟ್ಟದ ತುದಿಯಲ್ಲಿ ದಿನಗಟ್ಟಲೆ ಕಾಯುವ ಖಲಾಸಿಗಳು, ಅರ್ಧ ಟನ್ ತೂಕದ ಉಪಕರಣವನ್ನು ಹೊತ್ತು ದುರ್ಗಗಳನ್ನು ಏರಿದ ಹಮಾಲರು, ಕಾಡು ಕಡಿದು ದೃಷ್ಟಿಗೆ ದಾರಿ ಮಾಡಿದವರು ನೂರಾರು ಮಂದಿ. ಕಾಡುಜ್ವರಕ್ಕೂ ಮೃಗಗಳಿಗೂ ಬಲಿಯಾದವರಲ್ಲಿ ಬಹುಮಂದಿಯ ಹೆಸರುಗಳು ದಾಖಲೆಗಳಲ್ಲಿ ಉಳಿದಿಲ್ಲ. ಎತ್ತರದಲ್ಲಿ ಬಾವುಟ ನೆಡುವುದನ್ನೂ, ದುರ್ಬೀನಿನಿಂದ ಊರುಗಳತ್ತ ನೋಡುವುದನ್ನೂ ಕಂಡು ಅನೇಕ ಕಡೆ ಪಾಳೆಯಗಾರರೂ ಹಳ್ಳಿಗರೂ ಸಂಶಯಪಟ್ಟರು. ಈ ಸಂಶಯ ಆಧಾರರಹಿತವಾಗಿರಲಿಲ್ಲ. ನಕ್ಷೆಯು ಕಂಪನಿಯ ಆಡಳಿತಕ್ಕೂ ಸೈನ್ಯಕ್ಕೂ ಉಪಕರಣವಾಗಿತ್ತು.

ದೂರದ ದಕ್ಷಿಣದ ಅಳತೆಯೊಂದಿಗೆ ಹೋಲಿಕೆ

ದಕ್ಷಿಣ ಗೋಳಾರ್ಧದ ಒಂದು ಅಳತೆ ಆ ಕಾಲದ ವಿದ್ವಾಂಸರನ್ನು ಬಹಳ ಕಾಡಿತ್ತು. 1752ರಲ್ಲಿ ಫ್ರೆಂಚ್ ಖಗೋಳಜ್ಞ ಲಕಾಯ್ ಆಫ್ರಿಕದ ದಕ್ಷಿಣ ತುದಿಯಲ್ಲಿ, ಸುಮಾರು 33 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಒಂದು ಡಿಗ್ರಿಯ ಉದ್ದವನ್ನು ಅಳೆದಾಗ ಅದು ನಿರೀಕ್ಷೆಗಿಂತ ಹೆಚ್ಚಾಗಿ ಬಂದಿತ್ತು. ಹಾಗಾದರೆ ಭೂಮಿಯ ದಕ್ಷಿಣಾರ್ಧದ ಆಕಾರ ಉತ್ತರಾರ್ಧಕ್ಕಿಂತ ಬೇರೆಯೇ ಎಂಬ ಪ್ರಶ್ನೆ ಎದ್ದಿತು. 1818ರ ಕೊನೆಯಲ್ಲಿ ಲ್ಯಾಂಬ್ಟನ್ನರ ಸಹಾಯಕರಾಗಿ ಹೈದರಾಬಾದಿಗೆ ಬಂದ ಜಾರ್ಜ್ ಎವರೆಸ್ಟ್, ಜ್ವರದಿಂದ ಬಳಲಿ ವಿಶ್ರಾಂತಿಗಾಗಿ 1820ರಲ್ಲಿ ಕೇಪ್‌ಗೆ ತೆರಳಿದಾಗ ಲಕಾಯ್ ಅವರ ಕೇಂದ್ರಗಳನ್ನು ಪರಿಶೀಲಿಸಿದರು. ಹತ್ತಿರದ ಪರ್ವತಗಳ ಆಕರ್ಷಣೆಯಿಂದ ತೂಗುಗುಂಡಿನ ದಾರ ಓರೆಯಾಗಿ, ಅಕ್ಷಾಂಶದ ನಿರ್ಣಯ ತಪ್ಪಿರಬೇಕೆಂದು ಅವರು ತೀರ್ಮಾನಿಸಿದರು. 1840ರ ದಶಕದಲ್ಲಿ ಥಾಮಸ್ ಮ್ಯಾಕ್ಲಿಯರ್ ನಡೆಸಿದ ಮರು ಅಳತೆ ಇದನ್ನು ಸಮರ್ಥಿಸಿತು.

ಕೊನೆಯ ವರ್ಷಗಳು

1817ರಲ್ಲಿ ಲ್ಯಾಂಬ್ಟನ್ನರು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಫ್ರೆಂಚ್ ವಿಜ್ಞಾನ ಅಕಾಡೆಮಿಯೂ ಇವರನ್ನು ಗೌರವಿಸಿತು. 1818ರಲ್ಲಿ ಈ ಕಾರ್ಯವು ಮದ್ರಾಸ್ ಸರ್ಕಾರದಿಂದ ಗವರ್ನರ್ ಜನರಲ್ ಅವರ ಅಧೀನಕ್ಕೆ ಬಂದು, ಭಾರತದ ಮಹಾ ತ್ರಿಕೋನಮಿತಿಯ ಮೋಜಣಿ ಎಂಬ ಹೆಸರನ್ನು ಪಡೆಯಿತು. ಆ ವೇಳೆಗೆ ಲ್ಯಾಂಬ್ಟನ್ನರ ವಯಸ್ಸು ಅರವತ್ತು ದಾಟಿತ್ತು. ಕೆಮ್ಮು ಮತ್ತು ಶ್ವಾಸಕೋಶದ ತೊಂದರೆಯಿಂದ ಬಳಲುತ್ತಿದ್ದರೂ ಅವರು ಕೆಲಸ ಬಿಡಲಿಲ್ಲ, ಇಂಗ್ಲೆಂಡಿಗೆ ಮರಳಲೂ ಇಲ್ಲ. ಹೈದರಾಬಾದಿನಿಂದ ನಾಗಪುರದ ಕಡೆಗೆ ಕಚೇರಿಯನ್ನು ಸಾಗಿಸುತ್ತಿದ್ದಾಗ, 1823ರ ಜನವರಿಯಲ್ಲಿ, ಇಂದಿನ ಮಹಾರಾಷ್ಟ್ರದ ಹಿಂಗಣಘಾಟದಲ್ಲಿ ಡೇರೆಯಲ್ಲಿಯೇ ನಿಧನರಾದರು. ಇವರ ಸಮಾಧಿ ಅಲ್ಲಿಯೇ ಇದೆ. ಆ ವೇಳೆಗೆ ಸುಮಾರು 1,65,000 ಚದರ ಮೈಲಿ ಪ್ರದೇಶ ಇವರ ತ್ರಿಕೋನಗಳ ವ್ಯಾಪ್ತಿಗೆ ಬಂದಿತ್ತು.

ಮಹತ್ವ

ಲ್ಯಾಂಬ್ಟನ್ನರ ನಂತರ ಮೋಜಣಿಯ ಮುಖ್ಯಸ್ಥರಾದ ಎವರೆಸ್ಟ್ 1843ರಲ್ಲಿ ನಿವೃತ್ತರಾಗುವ ಮುನ್ನ ಮಹಾಕಂಸವನ್ನು ಡೆಹರಾಡೂನಿನವರೆಗೆ ಮುಗಿಸಿದರು. ಅದೇ ಜಾಲದ ಮುಂದುವರಿಕೆಯಿಂದ ಹಿಮಾಲಯದ ಶಿಖರಗಳ ಎತ್ತರಗಳನ್ನು ಲೆಕ್ಕ ಹಾಕಲಾಯಿತು. ಎತ್ತರಗಳ ಆ ಲೆಕ್ಕದ ಹಿಂದೆ ಬೆಂಗಳೂರಿನ ಬಯಲಿನಲ್ಲಿ ಹಾಸಿದ ಸರಪಳಿಯಿಂದ ಬೆಳೆದುಬಂದ ಕ್ರಮವೇ ಇದೆ.

ಕನ್ನಡ ನಾಡಿನ ಚರಿತ್ರೆಯ ದೃಷ್ಟಿಯಿಂದ ಈ ಕಾರ್ಯಕ್ಕೆ ಎರಡು ಮುಖಗಳಿವೆ. ಶ್ರೀರಂಗಪಟ್ಟಣದ ಪತನದಿಂದ ಸಾಧ್ಯವಾದ ಈ ಮೋಜಣಿ ಕಂಪನಿಯ ಅಧಿಕಾರದ ವಿಸ್ತಾರಕ್ಕೆ ನೆರವಾಯಿತು. ಲ್ಯಾಂಬ್ಟನ್ನರು ಗತಿಸಿದ ಮರುವರ್ಷ, 1824ರ ಅಕ್ಟೋಬರ್‌ನಲ್ಲಿ, ಕಿತ್ತೂರಿನ ರಾಣಿ ಚೆನ್ನಮ್ಮ ಅದೇ ಕಂಪನಿಯ ವಿರುದ್ಧ ಆಯುಧ ಹಿಡಿದು, ಕೊನೆಗೆ 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿಯೇ ಕೊನೆಯುಸಿರೆಳೆದರು. ಮತ್ತೊಂದು ಕಡೆ, ಅದೇ ಅಳತೆಯು ಭೂಮಿಯ ಆಕಾರದ ಬಗೆಗಿನ ಮಾನವ ಜ್ಞಾನಕ್ಕೆ ಶಾಶ್ವತವಾದ ಕೊಡುಗೆಯಾಯಿತು. ಸ್ವಾತಂತ್ರ್ಯಾನಂತರದ ಭಾರತದ ನಕ್ಷೆಗಳೂ ಬಹುಕಾಲ ಆ ತ್ರಿಕೋನಗಳನ್ನೇ ಆಧರಿಸಿದ್ದವು. ಭೂಪಟದಲ್ಲಿ ಅಡ್ಡಲಾಗಿ ಎಳೆದಿರುವ 13ನೆಯ ಅಕ್ಷಾಂಶದ ತೆಳುಗೆರೆ ನೆಲದ ಮೇಲೆ ಎಲ್ಲಿಯೂ ಕಾಣುವುದಿಲ್ಲ. ಅದರ ಆಸುಪಾಸಿನಲ್ಲಿ ಮದ್ರಾಸಿನಿಂದ ಮಂಗಳೂರಿನವರೆಗೆ ನಡೆದು, ಪ್ರತಿ ಮೈಲಿಯ ಲೆಕ್ಕವನ್ನು ಮೊದಲಿಗೆ ಒಪ್ಪಿಸಿದ್ದು ಲ್ಯಾಂಬ್ಟನ್ನರೂ ಅವರೊಂದಿಗೆ ದುಡಿದ ಅನಾಮಿಕರೂ.